ಇನ್ನೂರು ಮಚ್ಚೆಗಳು

ಮಚ್ಚೆ ತೆಗೆಯುವುದಕ್ಕೆ ನಮ್ಮ ಲ್ಯಾಬಿನಲ್ಲಿ ಎಂದೂ ಬೇರೆ ಚಾರ್ಜು ಹಾಕಿದ್ದಿಲ್ಲ. ಗಿರಾಕಿ ಬಾಯಿಬಿಟ್ಟು ಕೇಳಬೇಕಾಗಿಯೂ ಇರಲಿಲ್ಲ. ಯಶವಂತಪುರದ ಒಂದು ಓಣಿಯಲ್ಲಿ, ಮಹಡಿಯ ಮೇಲಿದ್ದ ಆ ಫೋಟೋ ಲ್ಯಾಬಿನಲ್ಲಿ ನಾನು ನಲವತ್ತಕ್ಕೆ ಎರಡು ಕಮ್ಮಿ ವರ್ಷ ರೀಟಚರ್ ಆಗಿದ್ದೆ. ರೀಟಚರ್ ಅಂದರೆ ಫೋಟೋ ತೆಗೆಯುವವನಲ್ಲ, ತೆಗೆದದ್ದನ್ನು ತಿದ್ದುವವನು. ಕೆಲಸ ಬಿಟ್ಟು ಈಗ ಒಂದು ವರ್ಷವಾಯಿತು. ಲ್ಯಾಬಿಗೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡಿ ಅದೂ ಇದೂ ಕೇಳುತ್ತಾರೆ. ಅವರ ಹತ್ತಿರ ನನಗಿದ್ದದ್ದಕ್ಕಿಂತ ಒಳ್ಳೆಯ ಕಂಪ್ಯೂಟರ್ ಇದೆ, ಒಳ್ಳೆಯ ಕಣ್ಣೂ ಇದೆ. ನನ್ನ ಜಾಣತನ ಅವರಿಗೆ ಬೇಕಾಗಿಲ್ಲ. ಆದ್ದರಿಂದ ಮಾಡಿದ ತಪ್ಪುಗಳನ್ನೇ ಬರೆದುಕೊಡುತ್ತಿದ್ದೇನೆ.

ಕೆಲಸ ಕಲಿಸಿದವರು ಲ್ಯಾಬಿನ ಯಜಮಾನರಾದ ಗಂಗಾಧರಪ್ಪನವರು. ಮೊದಲ ದಿನ ಒಂದು ಪೆನ್ಸಿಲ್ಲು, ಒಂದು ತುಂಡು ಮರಳು ಕಾಗದ ಕೊಟ್ಟು, ಸೀಸದ ತುದಿ ಸೂಜಿಯಷ್ಟಾಗುವವರೆಗೆ ಉಜ್ಜು ಅಂದರು. ಹನ್ನೊಂದು ದಿನ ಅದೇ ಕೆಲಸ. ಹನ್ನೆರಡನೆಯ ದಿನ ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮುಂದೆ ಕೂರಿಸಿ ನೆಗೆಟಿವ್ ಇಟ್ಟರು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗಾಮುರುಗಾ. ಕೂದಲು ಬೆಳ್ಳಗೆ, ಹಲ್ಲು ಕರ್ರಗೆ, ಮಚ್ಚೆ ಇರುವಲ್ಲಿ ಒಂದು ತಿಳಿ ಚುಕ್ಕೆ. ಆ ಚುಕ್ಕೆಯನ್ನು ಪೆನ್ಸಿಲ್ಲಿನಿಂದ ತುಂಬಿಸಿದರೆ ಫೋಟೋದಲ್ಲಿ ಮಚ್ಚೆ ಮಾಯ. ಯಾಕೆ ತೆಗೆಯಬೇಕು ಅಂತ ನಾನು ಒಮ್ಮೆ ಕೇಳಿದೆ. ಅವರು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು.

"ಮುಖದಲ್ಲಿ ಐಬು ಇರಲ್ಲ ಕಣಯ್ಯ. ಕಂಡ್ರೆ ಅದು ಲ್ಯಾಬಿಂದು ಅಂತಾರೆ ಜನ."

ಇದಕ್ಕಿಂತ ದೊಡ್ಡ ತತ್ವ ನಮ್ಮ ವೃತ್ತಿಯಲ್ಲಿ ಇರಲಿಲ್ಲ. ಮೊಡವೆ, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಎಲ್ಲ ತೆಗೆದು ಕೊಡುತ್ತಿದ್ದೆವು. ಯಶವಂತಪುರ, ಮತ್ತಿಕೆರೆ, ಜಾಲಹಳ್ಳಿಯ ಒಂದಿಡೀ ತಲೆಮಾರು ಸರ್ಕಾರಿ ಕಾಗದಪತ್ರಗಳಲ್ಲಿ ಆಗತಾನೆ ಮುಖ ತೊಳೆದು ಬಂದ ಹಾಗಿದ್ದರೆ ಅದು ನಮ್ಮ ಕೆಲಸ.

ಆಗ ಗೋಡೆಯ ಮೊಳೆಗೆ ಒಂದು ಕರೀ ಕೋಟು ನೇತುಹಾಕಿತ್ತು. ಪಾಸ್‌ಪೋರ್ಟ್ ಫೋಟೋಗೆ ಬಂದವರು ಅದನ್ನೇ ತೊಟ್ಟು ಕೂರುತ್ತಿದ್ದರು. ದಪ್ಪಗಿರುವವರಿಗೆ ಹಿಂದುಗಡೆ ಹೊಲಿಗೆ ಬಿಚ್ಚಿ ಬಿಟ್ಟಿದ್ದೆವು, ಸಣಕಲರಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಕಂಪ್ಯೂಟರ್ ಬಂದ ಮೇಲೆ ಆ ಕೋಟಿನ ಫೋಟೋ ತೆಗೆದಿಟ್ಟುಕೊಂಡು, ಬೇಕಾದವರ ಕತ್ತಿನ ಕೆಳಗೆ ಅಂಟಿಸತೊಡಗಿದೆ. ತೀರಿಕೊಂಡವರಿಗೂ ತೊಡಿಸಿದ್ದೇನೆ. ಜೀವಮಾನದಲ್ಲಿ ಅಂಗಿ ಹಾಕದ ಒಬ್ಬ ಯಜಮಾನರು ಇವತ್ತಿಗೂ ಜಾಲಹಳ್ಳಿಯ ಮನೆಯೊಂದರ ಗೋಡೆಯ ಮೇಲೆ ನಮ್ಮ ಕೋಟಿನಲ್ಲಿ ಬೆವರದೆ ಕೂತಿದ್ದಾರೆ.

ಒಂದು ತಪ್ಪು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಮದುವೆ ಆಲ್ಬಮ್ಮೊಂದರಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಗಂಡು ಕಣ್ಣು ಮುಚ್ಚಿದ್ದ. ಬೇರೆ ಫೋಟೋದಿಂದ ಅವನದೇ ಕಣ್ಣು ತಂದು ಕೂರಿಸುವುದು ವಾಡಿಕೆ. ಅವಸರದಲ್ಲಿ ಅವನ ತಮ್ಮನ ಕಣ್ಣು ಕೂರಿಸಿಬಿಟ್ಟೆ. ಆಲ್ಬಮ್ ಹೋದ ಮೇಲೆ ಗೊತ್ತಾಯಿತು. ಒಂದು ತಿಂಗಳು ಮೆಟ್ಟಿಲ ಸದ್ದಾದಾಗಲೆಲ್ಲ ಎದ್ದು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಕಡೆಗೆ ಮದುವೆ ಹೆಣ್ಣಿನ ತಾಯಿಯೇ ಬಂದರು. ಧಾರೆಯ ಫೋಟೋದಲ್ಲಿ ಅಳಿಯಂದಿರು ಬಹಳ ಲಕ್ಷಣವಾಗಿ ಬಂದಿದ್ದಾರೆ, ಅದೊಂದನ್ನು ದೊಡ್ಡದು ಮಾಡಿಕೊಡಿ ಅಂದರು. ಮಾಡಿಕೊಟ್ಟೆ.

ಯಲಹಂಕದ ಹತ್ತಿರದ ಕೋಗಿಲಿನ ಮುನಿರಾಜು ಬೇರೆಯದೇ ಗಿರಾಕಿ. ಹಳೇ ಊರಿನವನು, ತೋಟವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿ ಬಿಲ್ಡರ್ ಆಗಿದ್ದ. ಹುಟ್ಟುಹಬ್ಬಕ್ಕೆ ತನಗೆ ತಾನೇ ಶುಭ ಕೋರುವ ಫ್ಲೆಕ್ಸ್ ಮಾಡಿಸಲು ಬಂದ. ಕೆಳಗಡೆ ಅಭಿಮಾನಿ ಬಳಗ ಅಂತ ಹಾಕಬೇಕಿತ್ತು. ಬಳಗದಲ್ಲಿ ಯಾರ್ಯಾರು ಅಂತ ಕೇಳಿದ್ದಕ್ಕೆ, ಫ್ಲೆಕ್ಸ್ ನೋಡಿದ ಮೇಲೆ ಸೇರುತ್ತಾರೆ ಅಂದ. ಅವನ ಗಮನವೆಲ್ಲ ಕತ್ತಿನ ಸರದ ಮೇಲಿತ್ತು.

"ಅಣ್ಣೋ, ಸರ ಇನ್ನೊಂಚೂರು ದಪ್ಪ ಮಾಡು. ಮನೇಲಿ ದಪ್ಪದ್ದೇ ಐತೆ, ಅವತ್ತು ಆಕ್ಕೊಂಡಿರ್ನಿಲ್ಲ ಅಷ್ಟೆ."

ನಾಯಿ ಕಟ್ಟುವಷ್ಟು ದಪ್ಪ ಮಾಡಿಕೊಟ್ಟೆ. ಮುಂದಿನ ತಿಂಗಳು ಬಂದಾಗ ಕತ್ತಿನಲ್ಲಿ ಅಷ್ಟೇ ದಪ್ಪದ ಸರ ಇತ್ತು. ಫ್ಲೆಕ್ಸಿಗೆ ಹೊಂದುವ ಹಾಗೆ ಮಾಡಿಸಿಕೊಂಡಿದ್ದ. ಮೊದಲು ಫೋಟೋ, ಆಮೇಲೆ ಮನುಷ್ಯ. ಇಂಥದ್ದು ನಮ್ಮಲ್ಲಿ ಮಾತ್ರ ನಡೆಯುತ್ತದೆ ಅಂತ ನಾನು ಬಹಳ ವರ್ಷ ನಂಬಿದ್ದೆ. ಆಮೇಲೆ ಕೊರಿಯಾದ ಹುಡುಗರು ಬಂದರು.

ಬಂದದ್ದು ಅವರಲ್ಲ, ಅವರ ಚಿತ್ರಗಳು. ಫೋನಿನಲ್ಲೇ ಮುಖ ನುಣ್ಣಗಾಗುವ ಕಾಲ ಬಂದು ನಮ್ಮ ಗಿರಾಕಿ ಕರಗಿ, ನಾನು ಕೂತಲ್ಲೇ ಪೇಪರ್ ಓದಿ ಮುಗಿಸುತ್ತಿದ್ದ ದಿನಗಳವು. ಆಗ ಕಾಲೇಜು ಹುಡುಗಿಯರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತತೊಡಗಿದರು. ಎಲ್ಲರಿಗೂ ಪರ್ಸಿನಲ್ಲಿ ಹಿಡಿಸುವ ಅಳತೆಯ ಕಾರ್ಡು ಬೇಕು. ಕಾರ್ಡಿನಲ್ಲಿ ನೇರಳೆ ಕೂದಲಿನ, ಹಸಿರು ಕೂದಲಿನ, ಬೆಳ್ಳಿ ಕೂದಲಿನ ಹುಡುಗರು. ಮೊದಲನೆಯ ಸಲ ನಾನು ಪ್ರಿಂಟರಿನಲ್ಲೇ ಏನೋ ಕೆಟ್ಟಿದೆ ಅಂತ ಮುಕ್ಕಾಲು ಗಂಟೆ ಬಣ್ಣ ಸರಿಮಾಡಿ, ಕೂದಲನ್ನು ಕಪ್ಪಿಗೆ ತಂದಿಟ್ಟಿದ್ದೆ. ಆ ಹುಡುಗಿ ಅದನ್ನು ಅಲ್ಲೇ ಬಿಟ್ಟು ಹೋದಳು.

ಅವರಲ್ಲಿ ಸಿಂಚನ ಅನ್ನುವವಳು ನನಗೆ ಈ ವಿಷಯದ ಮೇಷ್ಟ್ರು. ಬಾಗಲಗುಂಟೆಯ ಹುಡುಗಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಬಿ.ಕಾಂ. ಎರಡನೆಯ ವರ್ಷ. ಐದು ಜನರ ಹಾಡಿನ ತಂಡ, ಅದರಲ್ಲಿ ಒಬ್ಬ ಇವಳವನು. ಅವನ ಹೆಸರು ಬರೆಯುವುದಿಲ್ಲ, ತಪ್ಪಾಗಿ ಬರೆದರೆ ಮತ್ತೆ ರಂಪ. ಅವರ ಕಂಪನಿ ಹಾಡಿನ ಸಿ.ಡಿ. ಮಾರುತ್ತದೆ. ಇವರ ಮನೆಗಳಲ್ಲಿ ಸಿ.ಡಿ. ಹಾಕುವ ಯಂತ್ರವೇ ಇಲ್ಲ. ಡಬ್ಬಿಯೊಳಗೆ ಐವರಲ್ಲಿ ಒಬ್ಬನ ಕಾರ್ಡು ಇರುತ್ತದೆ, ಯಾರದ್ದೆಂದು ಒಡೆಯುವ ತನಕ ಗೊತ್ತಾಗದು. ಬೇಕಾದವನು ಬರದಿದ್ದರೆ ಇನ್ನೊಂದು ಡಬ್ಬಿ ಕೊಳ್ಳಬೇಕು, ಇಲ್ಲವೇ ಬದಲಿ ಕೊಡುವವಳನ್ನು ಹುಡುಕಬೇಕು. ಹೀಗೆ ಹುಡುಕಿ ಹುಡುಕಿ ಹೆಬ್ಬಾಳದವಳಿಗೆ ಯಲಹಂಕದವಳು ಜೀವದ ಗೆಳತಿಯಾಗುತ್ತಾಳೆ. ಆಮೇಲೆ ತಂಡದ ಹಾಡು ಸಪ್ಪೆಯಾದರೂ ಬಿಟ್ಟುಹೋಗಲು ಆಗುವುದಿಲ್ಲ, ಗೆಳತಿಯರೆಲ್ಲ ಅಲ್ಲೇ ಇರುತ್ತಾರಲ್ಲ.

ಐವರಿಗೂ ಒಂದೊಂದು ಬಣ್ಣ, ಒಂದೊಂದು ಪ್ರಾಣಿ ಹಂಚಿಟ್ಟಿದ್ದಾರೆ. ದಿನ ಬೆಳಗಾದರೆ ಒಂದು ವಿಡಿಯೋ. ಒಬ್ಬ ನೂಡಲ್ಸ್ ತಿನ್ನುತ್ತಾನೆ, ಇನ್ನೊಬ್ಬ ನಿದ್ದೆಗಣ್ಣಿನಲ್ಲಿ ಆಕಳಿಸುತ್ತಾನೆ. ತನ್ನಪ್ಪ ಮಧ್ಯಾಹ್ನ ಏನು ಊಟ ಮಾಡಿದರು ಅನ್ನುವುದು ಸಿಂಚನಳಿಗೆ ತಿಳಿಯದು, ಅವನು ಏನು ತಿಂದ ಅನ್ನುವುದು ತಿಳಿಯುತ್ತದೆ. ಅವನ ಹುಟ್ಟುಹಬ್ಬವನ್ನು ಇವರೇ ಕೆಫೆಯೊಂದರ ಮಹಡಿ ಹಿಡಿದು ಮಾಡುತ್ತಾರೆ. ಅವನ ಚಿತ್ರ ಬಿಡಿಸಿದ ಕಾಗದದ ಪಟ್ಟಿಯನ್ನು ಕಾಫಿ ಲೋಟಕ್ಕೆ ಸುತ್ತುತ್ತಾರೆ, ಬಂದವರಿಗೆ ಕಾರ್ಡು ಹಂಚುತ್ತಾರೆ. ಹುಟ್ಟುಹಬ್ಬದವನು ಬರುವುದಿಲ್ಲ. ಹೆಬ್ಬಾಳ ಎಲ್ಲಿದೆ ಅಂತ ಅವನಿಗೆ ಗೊತ್ತೂ ಇಲ್ಲ. ಅದರಿಂದ ಯಾರಿಗೂ ಬೇಜಾರಿಲ್ಲ. ಕಂಪನಿ ಮಾಡಬೇಕಾದ ಪ್ರಚಾರವನ್ನೆಲ್ಲ ಇವರೇ ಕುಣಿದು ಕುಪ್ಪಳಿಸಿ ಮಾಡುತ್ತಾರೆ. ಮುನಿರಾಜುವಿನ ಬಳಗ ಇಂಥದ್ದಾಗಿದ್ದರೆ ಅವನು ಶಾಸಕನಾಗುತ್ತಿದ್ದ.

ನನ್ನ ನಿವೃತ್ತಿಗೆ ಎರಡು ತಿಂಗಳಿದ್ದಾಗ ಆ ಹುಟ್ಟುಹಬ್ಬದ ಉಸ್ತುವಾರಿ ಮೊದಲ ಸಲ ಸಿಂಚನಳಿಗೆ ಸಿಕ್ಕಿತು. ಅಲ್ಲಿಯವರೆಗೆ ಎಲ್ಲ ಆರ್.ಟಿ. ನಗರದ ಹುಡುಗಿಯರ ಕೈಯಲ್ಲಿತ್ತು. ಬಾಗಲಗುಂಟೆಯವಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಅಂತ ಅವರು ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲೇ ಬರೆದಿದ್ದರಂತೆ. ಭಾನುವಾರ ಸಹಕಾರನಗರದ ಕೆಫೆಯಲ್ಲಿ ಎಲ್ಲ ಸರಿಹೋದರೆ ಮುಂದೆಯೂ ಇವಳದೇ, ಕೆಟ್ಟರೆ ಇವಳು ಮತ್ತೆ ಆ ಕಡೆ ತಲೆ ಹಾಕುವ ಹಾಗಿಲ್ಲ. ಕಾರ್ಡು ಇನ್ನೂರು. ಮುತ್ತಿನ ಹೊಳಪಿನ ಕಾಗದವನ್ನು ಚಿಕ್ಕಪೇಟೆಯೆಲ್ಲ ಸುತ್ತಿ ತಾನೇ ತಂದುಕೊಟ್ಟಿದ್ದಳು. ಲೆಕ್ಕಕ್ಕೆ ಸರಿಯಾಗಿ ಇತ್ತು, ಒಂದು ಹಾಳೆಯೂ ಹೆಚ್ಚಿರಲಿಲ್ಲ. ಕೂದಲು ನೇರಳೆಯೇ ಇರಬೇಕು, ಮುಟ್ಟಲೇಬೇಡಿ ಅಂತ ಮೂರು ಸಲ ಹೇಳಿ ಹೋದಳು.

ಕೂದಲು ಮುಟ್ಟಲಿಲ್ಲ. ಶುಕ್ರವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಮುಖ ದೊಡ್ಡದು ಮಾಡಿ ನೋಡಿದೆ. ಬಲಗೆನ್ನೆಯ ಮೇಲೆ, ಮೂಗಿನಿಂದ ಒಂದು ಬೆರಳು ದೂರದಲ್ಲಿ ಮಚ್ಚೆ. ತೆಗೆದೆ. ಯೋಚನೆ ಮಾಡಿ ತೆಗೆದದ್ದಲ್ಲ, ಕೈ ತನ್ನಷ್ಟಕ್ಕೆ ತೆಗೆಯಿತು. ಇನ್ನೂರನ್ನೂ ಅಚ್ಚು ಹಾಕಿ, ಕತ್ತರಿಸಿ, ಇಪ್ಪತ್ತರ ಕಟ್ಟು ಕಟ್ಟಿಟ್ಟೆ.

ಶನಿವಾರ ಬೆಳಿಗ್ಗೆ ಸಿಂಚನ ಬಂದಳು. ಜೊತೆಗೆ ಅವಳ ಗೆಳತಿ ಅಫ್ರೀನ್. ಸಿಂಚನ ಮೊದಲನೆಯ ಕಾರ್ಡು ನೋಡಿದಳು, ಎರಡನೆಯದು ನೋಡಿದಳು, ಕಟ್ಟಿನ ನಡುವಿನಿಂದ ಒಂದು ಎಳೆದು ನೋಡಿದಳು.

"ಅಂಕಲ್, ಮಚ್ಚೆ ಎಲ್ಲಿ?"

ತೆಗೆದಿದ್ದೇನೆ, ಅದಕ್ಕೆ ಬೇರೆ ಚಾರ್ಜೇನೂ ಇಲ್ಲಮ್ಮ ಅಂದೆ. ಅವಳು ಪಾಸ್‌ಪೋರ್ಟ್ ಫೋಟೋದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಆಮೇಲೆ ಅಫ್ರೀನ್ ನನಗೆ ಪರಿಸ್ಥಿತಿ ವಿವರಿಸಿದಳು. ಆ ಮಚ್ಚೆಯೇ ಅವನ ಗುರುತು. ಶುರುವಿನಲ್ಲಿ ಕಂಪನಿಯವರೇ ಅದನ್ನು ಬಣ್ಣದಲ್ಲಿ ಮುಚ್ಚುತ್ತಿದ್ದರು. ಒಂದು ಸಲ ಹಾಡುವಾಗ ಬೆವರಿಗೆ ಬಣ್ಣ ಅಳಿಸಿ ಮಚ್ಚೆ ಕಂಡಿತು, ಅಭಿಮಾನಿಗಳು ಅದನ್ನೇ ಹಿಡಿದುಕೊಂಡರು. ಅವತ್ತಿನಿಂದ ಕಂಪನಿ ಮುಚ್ಚುವುದು ಬಿಟ್ಟು, ಅವನ ಗೊಂಬೆ ಮಾಡಿದರೂ ಮೊದಲು ಮಚ್ಚೆ ಇಡುತ್ತದೆ. ಹುಡುಗಿಯರು ಭಾನುವಾರ ತಮ್ಮ ಕೆನ್ನೆಗೂ ಕಾಡಿಗೆಯಲ್ಲಿ ಅದನ್ನೇ ಇಟ್ಟುಕೊಂಡು ಬರುತ್ತಾರೆ.

"ಮಚ್ಚೆ ಇಲ್ದಿರೋದು ಗೊತ್ತಾಗ್ದೆ ಹಂಚಿದ್ರೆ ನಾನ್ ಫ್ಯಾನೇ ಅಲ್ಲ ಅಂತಾರೆ ಅಂಕಲ್," ಅಂದಳು ಸಿಂಚನ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಬ್ಯಾಗಿನಿಂದ ತನ್ನ ಕಾಲೇಜಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಫೋಟೋ ನಮ್ಮ ಲ್ಯಾಬಿನದೇ. ಅವಳ ಗದ್ದದ ಎಡಗಡೆ ಹುಣಸೆ ಬೀಜದಷ್ಟು ಒಂದು ಕಂದು ಗುರುತಿದೆ, ಹುಟ್ಟಿದಾಗಿನಿಂದ ಇರುವುದು. ಫೋಟೋದಲ್ಲಿ ಇರಲಿಲ್ಲ.

"ಪರೀಕ್ಷೆ ಹಾಲಲ್ಲಿ ಮೇಡಮ್ಮು ಎರಡೆರಡ್ ಸಲ ಮುಖ ನೋಡ್ತಾರೆ. ತೆಗೆಯೋಕ್ ಮುಂಚೆ ನೀವು ಯಾರನ್ನೂ ಕೇಳಲ್ವಾ ಅಂಕಲ್?"

ಇಲ್ಲ. ಮೂವತ್ತೆಂಟು ವರ್ಷದಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಕೇಳಬೇಕು ಅಂತ ಗಂಗಾಧರಪ್ಪನವರೂ ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಅದನ್ನು ಇಲ್ಲಿ ಸುತ್ತಿಬಳಸದೆ ಬರೆಯುತ್ತಿದ್ದೇನೆ, ಯಾಕೆಂದರೆ ಅವತ್ತು ಬಾಯಿಬಿಟ್ಟು ಹೇಳಲಾಗಲಿಲ್ಲ.

ಹೊಸದಾಗಿ ಅಚ್ಚು ಹಾಕಲು ಕಾಗದವಿಲ್ಲ. ಫೋನ್ ಮಾಡಿದರೆ ಚಿಕ್ಕಪೇಟೆಯ ಅಂಗಡಿಯಲ್ಲೂ ಮುಗಿದಿತ್ತು. ಉಳಿದದ್ದು ಒಂದೇ ದಾರಿ. ಹಳೆಯ ಕಾಲದಲ್ಲಿ ನೆಗೆಟಿವ್ ಮೇಲೆ ಧೂಳು ಕೂತು ಫೋಟೋದಲ್ಲಿ ಬಿಳಿ ಚುಕ್ಕೆ ಬಿದ್ದರೆ ಸಣ್ಣ ಕುಂಚದಿಂದ ಬಣ್ಣ ಇಟ್ಟು ಮುಚ್ಚುತ್ತಿದ್ದೆವು. ಕಬ್ಬಿಣದ ಬೀರುವಿನ ತಳದಲ್ಲಿ ಆ ಕುಂಚ ಇತ್ತು, ನಾಲ್ಕೈದು ಕೂದಲಿನದು. ಬಣ್ಣವೂ ಒಣಗಿ ಗಟ್ಟಿಯಾಗಿ ಉಳಿದಿತ್ತು. ತೆಗೆದ ಮಚ್ಚೆಯನ್ನು ಇನ್ನೂರು ಕಾರ್ಡಿಗೂ ಕೈಯಲ್ಲೇ ವಾಪಸ್ಸು ಇಡುತ್ತೇನೆ ಅಂದೆ. ಇಬ್ಬರೂ ನನ್ನ ಕೈಬೆರಳು ನಡುಗುತ್ತದೆಯೋ ಅಂತ ನೋಡಿದರು. ಸ್ವಲ್ಪ ನಡುಗುತ್ತಿತ್ತು.

ಬರೀ ಕಪ್ಪು ಇಟ್ಟರೆ ನೊಣ ಕೂತ ಹಾಗೆ ಕಾಣುತ್ತದೆ. ಕಂದು ಬೆರೆಸಬೇಕು, ಅಂಚು ಒಂದಿಷ್ಟು ಮಾಸಲಾಗಿರಬೇಕು. ಆರು ರದ್ದಿ ಕಾಗದದ ಮೇಲೆ ಅಭ್ಯಾಸ ಮಾಡಿ ಶುರುಮಾಡಿದೆ. ಸಿಂಚನ ಒಂದೊಂದೇ ಕಾರ್ಡು ಮುಂದಿಡುವಳು, ನಾನು ಉಸಿರು ಹಿಡಿದು ಒಂದು ಚುಕ್ಕೆ ಇಡುವೆ, ಅಫ್ರೀನ್ ಭೂತಗನ್ನಡಿಯಲ್ಲಿ ನೋಡಿ ಒಣಹಾಕುವಳು. ಇದು ಕೆಳಗೆ ಬಂತು ಅಂಕಲ್, ಇದು ದಪ್ಪವಾಯ್ತು ಅಂಕಲ್. ಗಂಗಾಧರಪ್ಪನವರು ಕೂಡ ನನ್ನ ಕೆಲಸವನ್ನು ಇಷ್ಟು ಕಟ್ಟುನಿಟ್ಟಾಗಿ ನೋಡಿದ್ದಿಲ್ಲ. ಮಧ್ಯಾಹ್ನದ ಊಟ ಮೂವರಿಗೂ ಮರೆತುಹೋಯಿತು. ಸಂಜೆ ಐದಕ್ಕೆ ಇನ್ನೂರನೆಯ ಮಚ್ಚೆ ಇಟ್ಟೆ. ಹನ್ನೊಂದು ಕಾರ್ಡುಗಳನ್ನು ಅಫ್ರೀನ್ ಫೇಲು ಮಾಡಿದಳು. ಎಣಿಕೆಗೆ ಬೇಕಲ್ಲ ಅಂತ ಅವನ್ನೂ ಕಟ್ಟಿನ ಅಡಿಯಲ್ಲಿ ಸೇರಿಸಿದರು.

ಭಾನುವಾರ ಸಿಂಚನ ನನ್ನನ್ನೂ ಕರೆದಿದ್ದಳು. ಸಹಕಾರನಗರದ ಆ ಕೆಫೆಯ ಮಹಡಿಯಲ್ಲಿ ಅರವತ್ತು ದಾಟಿದವನು ನಾನೊಬ್ಬನೇ. ನೇರಳೆ ಬಲೂನು, ನೇರಳೆ ಕೇಕು, ಎಲ್ಲರ ಕೆನ್ನೆಯ ಮೇಲೂ ಕಾಡಿಗೆಯ ಮಚ್ಚೆ. ನಾನು ಮೂಲೆಯ ಕುರ್ಚಿ ಹಿಡಿದೆ. ಒಂದು ಕಾಫಿ ಕೊಟ್ಟರು, ಲೋಟಕ್ಕೆ ಅವನನ್ನು ಸುತ್ತಿತ್ತು. ಮೊದಲ ಅರ್ಧ ಗಂಟೆ ಎಲ್ಲ ಸುಸೂತ್ರ. ಆಮೇಲೆ ಆರ್.ಟಿ. ನಗರದ ಗುಂಪಿನ ಒಬ್ಬಳು ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಮುತ್ತಿನ ಹೊಳಪಿನ ಕಾಗದದಲ್ಲಿ ಎಲ್ಲ ಹೊಳೆಯುತ್ತಿತ್ತು, ಮಚ್ಚೆಯೊಂದು ಬಿಟ್ಟು. ಇದು ಅಚ್ಚಾದದ್ದಲ್ಲ, ಮೇಲಿಂದ ಇಟ್ಟಿದ್ದಾರೆ ಅಂದಳು. ಎಲ್ಲರೂ ಸಿಂಚನಳ ಕಡೆ ತಿರುಗಿದರು.

ನಾನು ಎದ್ದೆ. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಮದುವೆ ಮನೆಗಳಲ್ಲೂ ನಾನು ಬಾಗಿಲ ಹತ್ತಿರ ನಿಲ್ಲುವವನು.

"ತೆಗೆದೋನೂ ನಾನೇ, ಇಟ್ಟೋನೂ ನಾನೇ ಕಣಮ್ಮ. ನೋಡಿದ ತಕ್ಷಣ ಕಂಡುಹಿಡಿದೋಳು ಈ ಹುಡುಗಿ. ನಿನ್ನೆ ಇಡೀ ದಿನ ಕೂತು ಇನ್ನೂರಕ್ಕೂ ಇಡಿಸಿದಳು."

ಆ ಹುಡುಗಿ ಕಾರ್ಡನ್ನು ಮತ್ತೆ ನೋಡಿದಳು. ಪಕ್ಕದವಳ ಕಾರ್ಡು ಇಸಿದುಕೊಂಡು ಎರಡನ್ನೂ ಜೋಡಿಸಿ ನೋಡಿದಳು. ಎರಡೂ ಒಂದೇ ಥರ ಇಲ್ಲ ಅಂದಳು. ಹೇಗಿರುತ್ತದೆ, ಕೈಯಲ್ಲಿ ಇಟ್ಟದ್ದಲ್ಲವೇ ಅಂದೆ. ಹಾಗಾದರೆ ಇನ್ನೂರೂ ಬೇರೆ ಬೇರೆಯಾ ಅಂತ ಕೇಳಿದಳು. ಹೌದು ಅಂದೆ. ಅವಳು ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಸಿಂಚನಳಿಗೆ ಸಾರಿಯೂ ಹೇಳಲಿಲ್ಲ. ಇನ್ನೊಂದು ಸಿಗುತ್ತಾ ಅಂತ ಕೇಳಿದಳು. ಐದೇ ನಿಮಿಷಕ್ಕೆ ಮಹಡಿ ತರಕಾರಿ ಸಂತೆಯಾಯಿತು. ನಿನ್ನದು ತೋರಿಸು, ನನ್ನದು ತಗೋ. ಅಫ್ರೀನ್ ಫೇಲು ಮಾಡಿದ್ದ ಹನ್ನೊಂದರಲ್ಲಿ ಒಂದೊಂದಕ್ಕೂ ನಾಲ್ಕು ಕಾರ್ಡು ಕೊಡಲು ಜನ ಸಿದ್ಧರಿದ್ದರು. ನನ್ನ ಕೈ ನಡುಗಿದ್ದು ಅಷ್ಟು ಬೆಲೆಬಾಳುತ್ತದೆ ಅಂತ ಗೊತ್ತಿದ್ದರೆ ಇನ್ನಷ್ಟು ನಡುಗುತ್ತಿದ್ದೆ. ಆ ಕೊರಿಯಾದ ಕಂಪನಿ ದುಡ್ಡು ಮಾಡುವುದು ಹೇಗೆ ಅನ್ನುವುದು ನನಗೆ ಪೂರ್ತಿ ಅರ್ಥವಾದದ್ದು ಆಗ. ಈ ವರ್ಷವೂ ಹುಟ್ಟುಹಬ್ಬದ ಉಸ್ತುವಾರಿ ಸಿಂಚನಳದೇ ಅಂತೆ.

ಮುಂದಿನ ವಾರಗಳಲ್ಲಿ ಕೆಲವು ಹುಡುಗಿಯರು ತಮ್ಮ ಹಳೇ ಫೋಟೋ ಹಿಡಿದು ಬಂದರು, ನಮ್ಮದೂ ವಾಪಸ್ಸು ಇಟ್ಟುಕೊಡಿ ಅಂತ. ಇಟ್ಟುಕೊಟ್ಟೆ. ಕೆಲಸ ಬಿಡುವ ಮೊದಲು ಲ್ಯಾಬಿನ ಆರ್ಡರ್ ಚೀಟಿಯಲ್ಲಿ ಒಂದು ಸಾಲು ಸೇರಿಸಿದೆ: ಮಚ್ಚೆ, ಕಲೆ ಇರಲಿ / ಬೇಡ. ಹೆಚ್ಚು ಜನ ಬೇಡ ಅಂತಲೇ ಗುರುತು ಹಾಕುತ್ತಾರೆ, ಅದು ಅವರ ಇಷ್ಟ. ಹೊಸಬರು ಆ ಸಾಲನ್ನು ತೆಗೆದುಹಾಕದಿದ್ದರೆ ಸಾಕು.

ಆದರೆ ಯಾರನ್ನೂ ಕೇಳಲ್ವಾ ಅನ್ನುವ ಸಿಂಚನಳ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನಮ್ಮ ಮನೆಯ ಹಾಲಿನಲ್ಲಿ ನಮ್ಮಿಬ್ಬರ ಮದುವೆಯ ಫೋಟೋ ಇದೆ, ಕಪ್ಪು ಬಿಳುಪಿನದು. ನಾನೇ ಲ್ಯಾಬಿನಲ್ಲಿ ತೊಳೆದು, ಪೆನ್ಸಿಲ್ಲು ಹಿಡಿದು ತಿದ್ದಿದ್ದೆ. ನನ್ನ ಹೆಂಡತಿ ಸರೋಜಳಿಗೆ ಬಲಹುಬ್ಬಿನ ಮೇಲೆ ಒಂದು ಗಾಯದ ಕಲೆ ಇದೆ, ಚಿಕ್ಕಂದಿನಲ್ಲಿ ಒರಳುಕಲ್ಲಿನ ಮೇಲೆ ಬಿದ್ದದ್ದು. ಹೊಸ ಹೆಂಡತಿಗೆ ಉಡುಗೊರೆ ಅಂದುಕೊಂಡು ಅದನ್ನು ತೆಗೆದಿದ್ದೆ. ಕೆಲಸ ಬಿಟ್ಟ ಮೊದಲ ಸೋಮವಾರ, ಅವಳು ಹುರುಳಿಕಾಯಿ ಬಿಡಿಸುತ್ತಿದ್ದಾಗ, ಅವತ್ತು ನಿನ್ನನ್ನು ಕೇಳದೆ ತೆಗೆದುಬಿಟ್ಟೆ ಅಂದೆ. ಅವಳು ತಲೆ ಎತ್ತಲಿಲ್ಲ.

"ಗೊತ್ತು. ನಿಮ್ ಪಕ್ಕ ನಿಂತಿರೋಳು ಯಾರು ಅಂತ ಕೇಳೋಣ ಅಂದ್ಕೊಂಡಿದ್ದೆ. ಆಮೇಲೆ ಮಕ್ಕಳು, ಮನೆ, ಮರ್ತೇಹೋಯ್ತು."

ಫೋಟೋ ಇಳಿಸಿ, ಚೌಕಟ್ಟು ಬಿಚ್ಚಿ, ಲ್ಯಾಬಿನಿಂದ ತಂದಿಟ್ಟುಕೊಂಡಿದ್ದ ಅದೇ ಕುಂಚ ಹಿಡಿದು ಕಿಟಕಿಯ ಹತ್ತಿರ ಕೂತೆ. ಅವಳನ್ನು ಎದುರಿಗೆ ಕೂರಿಸಿಕೊಂಡೆ. ಮುಖವನ್ನು ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ನೋಡಿ ಬಹಳ ವರ್ಷವಾಗಿತ್ತು. ಇನ್ನೂ ಸ್ವಲ್ಪ ಮೇಲೆ ಅಂದಳು, ಮೇಲಿಟ್ಟೆ. ಒಣಗಿದ ಮೇಲೆ ಅವಳು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಫೋಟೋವನ್ನು ಎತ್ತಿ ಹಿಡಿದಳು.

"ಹೂಂ," ಅಂದಳು, "ಈಗ ನಾನ್ ಬಂದೆ ಮದುವೆಗೆ."